ಎಡಮಗ್ಗುಲ ತಗಡು

ವರ್ಲೀನ್ ಟಟಲ್‌ಗೆ ಮನೆ ಅಂತ ಇದ್ದದ್ದು ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ಇಪ್ಪತ್ತಾರು ಅಡಿಯ ಒಂದು ಟ್ರೇಲರ್. ಗಂಡ ಸತ್ತ ಮೇಲೆ ಗೋಡೆಯ ಮನೆ ಮಾರಿ ಅದರೊಳಗೆ ಸೇರಿಕೊಂಡವಳು. ಚಳಿಗಾಲಕ್ಕೆ ಅರಿಜೋನಾದ ಮರಳುಗಾಡು, ಬೇಸಿಗೆಗೆ ಐಡಹೋದಲ್ಲಿ ಈ ಹಳ್ಳದ ದಂಡೆಯ, ಟ್ರೇಲರಿನವರು ಬಂದು ತಂಗುವ ಪಾರ್ಕು. ಏಳನೇ ನಂಬರಿನ ಜಾಗ, ನೀರಿಗೆ ಹತ್ತೇ ಹೆಜ್ಜೆ. ಹನ್ನೊಂದು ಬೇಸಿಗೆಯಿಂದ ಅಲ್ಲಿ ಅವಳೇ ಹೋಸ್ಟ್. ಕಕ್ಕಸು ತೊಳೆಯಬೇಕು, ಐಸ್ ಚೀಲ ಮಾರಬೇಕು, ಬಂದವರಿಗೆ ಜಾಗ ತೋರಿಸಬೇಕು. ಅದಕ್ಕೆ ಪ್ರತಿಯಾಗಿ ಜಾಗ, ನೀರು, ಕರೆಂಟು ಪುಕ್ಕಟೆ. ಹಳ್ಳದ ಸದ್ದು ಕೇಳುತ್ತ ಕಾಫಿ ಹಿಡಿದು ಕೂತರೆ ಸೆಪ್ಟೆಂಬರಿನವರೆಗೆ ಅವಳಿಗೆ ಇನ್ನೇನೂ ಬೇಕಿರಲಿಲ್ಲ.

ಪಾರ್ಕು ಕರ್ಟಿಸ್ ಎಂಬವನ ಕೈಗೆ ಬಂದದ್ದೇ ಹೊಸ ಕಾಯಿದೆ ಬಂತು. ಹತ್ತು ವರ್ಷ ದಾಟಿದ ಗಾಡಿಗೆ ಒಳಗೆ ಜಾಗವಿಲ್ಲ. ಹಳೇ ಗಾಡಿ ಕಂಡರೆ ಬಸ್ಸಿನಷ್ಟು ದೊಡ್ಡ ಮನೆಗಾಡಿಗಳಲ್ಲಿ ಬರುವ ಗಿರಾಕಿಗಳು ಮೂಗು ಮುರಿಯುತ್ತಾರಂತೆ. ವರ್ಲೀನಳ ಗಾಡಿಗೆ ಇಪ್ಪತ್ತಮೂರು ವರ್ಷ. "ನೀವು ಕೆಲಸದವರು, ನಿಮಗೆ ಇದು ಅನ್ವಯಿಸಲ್ಲ" ಅಂದ ಕರ್ಟಿಸ್. ಅಷ್ಟಕ್ಕೇ ಅವಳು ಉಬ್ಬಿದಳು.

ಜನ ಸುಮ್ಮನಿರುತ್ತಾರೆಯೇ? ಗಾಡಿಯ ಮೈಮೇಲಿನ ಹಳೇ ಬಣ್ಣದ ಪಟ್ಟಿ ಕಿತ್ತು, ಹೊಸ ಬಣ್ಣ ಬಳಿದು ತಂದರು. ಆದರೆ ಪ್ರತಿ ಟ್ರೇಲರಿನ ಎಡಮಗ್ಗುಲಿಗೆ, ಮುಂದಿನ ಮೂಲೆಯಲ್ಲಿ, ಹುಟ್ಟಿದ ತಿಂಗಳು ವರ್ಷ ಕೊರೆದ ಒಂದು ತಗಡು ಇರುತ್ತದೆ. ವರ್ಲೀನ್ ಬಗ್ಗಿ, ಹೆಬ್ಬೆರಳಲ್ಲಿ ಧೂಳು ಒರೆಸಿ ಅದನ್ನು ಓದುತ್ತಿದ್ದಳು.

ಜೂನಿನಲ್ಲಿ ಮೇವಿಸ್ ಬಂದಳು. ಒಂಬತ್ತು ಬೇಸಿಗೆ ಪಕ್ಕದ ಎಂಟನೇ ಜಾಗದಲ್ಲಿದ್ದವಳು, ವರ್ಲೀನಳ ಜೊತೆ ದಿನಾ ಇಸ್ಪೀಟು ಆಡಿದವಳು. ಟ್ರೇಲರಿಗೆ ಕೆನೆಬಣ್ಣ ಬಳಿದು ನೀಲಿ ಗೆರೆ ಎಳೆದಿದ್ದಳು.

"ಹೇಗಿದೆ ಹೇಳೇ? ಏಪ್ರಿಲ್ ಪೂರ್ತಿ ಬ್ರಷ್ ಹಿಡಿದು ಭುಜ ಬಿದ್ದುಹೋಯ್ತು."

ವರ್ಲೀನ್ ಎಡಮಗ್ಗುಲಿಗೆ ಹೋಗಿ ಬಗ್ಗಿದಳು.

"ಏನೇ ಹುಡುಕ್ತಿದೀಯ? ನನ್ನ ಗಾಡಿ ವಯಸ್ಸು ನಿಂಗೊತ್ತಿಲ್ವಾ? ಸೂರು ಸೋರಿದಾಗ ಮೇಲೆ ಹತ್ತಿ ಟಾರು ಬಳಿದೋಳು ನೀನೇ."

"ಹದಿನೇಳಾಗಿದೆ ಮೇವಿಸ್. ರೂಲ್ಸು ರೂಲ್ಸೇ."

"ನಿನ್ನ ಡಬ್ಬಕ್ಕೆ ಎಷ್ಟಾಯ್ತು?"

"ನಾನು ಹೋಸ್ಟು."

ಮೇವಿಸ್ ಅವಳನ್ನೇ ನೋಡಿದಳು. "ಆಯ್ತು ಕಣಮ್ಮ. ದೊಡ್ಡೋರ ಹತ್ರ ನಂದೇನು ವಾದ" ಅಂದು ಸ್ಟೇರಿಂಗ್ ಹಿಡಿದಳು.

ಅವತ್ತು ಕರ್ಟಿಸ್ ಊರಲ್ಲೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅದು ಗೊತ್ತಿದ್ದೂ ವರ್ಲೀನ್ ಅವಳನ್ನು ವಾಪಸ್ಸು ಕಳಿಸಿದಳು. ಅಧಿಕಾರದ ಚಪಲ ಅಂಥದ್ದು. ಮೇವಿಸ್ ಗಾಡಿ ತಿರುಗಿಸುವಾಗ ಮಾತ್ರ ಹಿಂದೆ ನಿಂತು ಕೈ ತೋರಿಸಿದಳು, ಎಡಕ್ಕೆ, ಇನ್ನಷ್ಟು, ಸಾಕು ಅಂತ. ಟ್ರೇಲರ್ ಹಿಂದಕ್ಕೆ ಬಿಡುವವರನ್ನು ಈ ಜನ ಒಂಟಿಯಾಗಿ ಬಿಡುವುದಿಲ್ಲ. ಮಾತು ಬಿಟ್ಟವರೂ ಕುರ್ಚಿಯಿಂದೆದ್ದು ಬಂದು ಕೈ ತೋರಿಸುತ್ತಾರೆ.

ಆಗಸ್ಟಿನಲ್ಲಿ ಕಾಡು ಹತ್ತಿ ಉರಿದು ಹಳ್ಳದ ಮೇಲೆಲ್ಲ ಹೊಗೆ ಕವಿಯಿತು. ಆ ವಾರವೇ ಸ್ನಾನದ ಕೋಣೆ ತೊಳೆಯುತ್ತ ವರ್ಲೀನ್ ಜಾರಿಬಿದ್ದಳು. ಎಡಗಾಲಿನ ಮಂಡಿಚಿಪ್ಪು ಬಿರುಕು ಬಿಟ್ಟಿತು. ಸಹಾಯಕ್ಕೆ ಅಂತ ಕರ್ಟಿಸ್ ಒಹಾಯೋದ ಗ್ಲೆನ್ ಅನ್ನುವವನನ್ನೂ ಅವನ ಹೆಂಡತಿಯನ್ನೂ ಕರೆಸಿದ. ಮಂಡಿಗೆ ಪಟ್ಟಿ ಬಿಗಿದುಕೊಂಡು ಕೂತಲ್ಲೇ ವರ್ಲೀನ್ ಗ್ಲೆನ್‌ಗೆ ಕೆಲಸ ಕಲಿಸಿದಳು. "ಬಣ್ಣ ನಂಬಬೇಡ. ಎಡಮಗ್ಗುಲಿಗೆ ಹೋಗು, ಬಗ್ಗು, ತಗಡು ಓದು."

ಮುಂದಿನ ವಾರ ಕರ್ಟಿಸ್ ಗ್ಲೆನ್‌ನನ್ನೂ ಕರೆದುಕೊಂಡು ಬಂದ. ಕೈಯಲ್ಲಿ ಒಂದು ಡಬ್ಬಿ ಹಕಲ್‌ಬೆರಿ ಕೇಕ್.

"ನೀವು ರೆಸ್ಟ್ ತಗೋಬೇಕು ವರ್ಲೀನ್. ಏಳನೇ ಜಾಗ ಹೋಸ್ಟಿನದು. ಅದು ಗ್ಲೆನ್‌ಗೆ ಬೇಕಾಗತ್ತೆ."

"ಸರಿ, ದುಡ್ಡು ಕೊಟ್ಟೇ ಇರ್ತೀನಿ. ಹಿಂದಿನ ಸಾಲಲ್ಲಾದ್ರೂ ಕೊಡಪ್ಪ."

"ದುಡ್ಡು ಕೊಟ್ರೆ ನೀವೂ ಗಿರಾಕಿನೇ ಅಲ್ವಾ" ಅಂದ ಕರ್ಟಿಸ್, ಗ್ಲೆನ್‌ನ ಕಡೆ ನೋಡಿ.

ಗ್ಲೆನ್ ಒಳ್ಳೆಯ ವಿದ್ಯಾರ್ಥಿ. ಎಡಮಗ್ಗುಲಿಗೆ ಹೋದ, ಬಗ್ಗಿದ, ಹೆಬ್ಬೆರಳಲ್ಲಿ ಧೂಳು ಒರೆಸಿದ.

"ಇಪ್ಪತ್ತಮೂರು" ಅಂದ, ತಲೆ ಎತ್ತದೆ.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಅದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೇಕಿನ ಡಬ್ಬಿಯನ್ನು ಮೆಟ್ಟಿಲ ಮೇಲೇ ಬಿಟ್ಟು ಹೊರಟಳು.

ಹಳೇ ಗಾಡಿಯವರಿಗೆ ಹೋಗಲು ಇದ್ದದ್ದು ಒಂದೇ ಕಡೆ. ಊರಾಚೆ ಮೇವಿನ ಅಂಗಡಿಯ ಹಿಂದೆ ಜಲ್ಲಿ ಬಯಲು. ನೀರಿಲ್ಲ, ಕರೆಂಟಿಲ್ಲ, ನೆರಳಿಲ್ಲ. ಅಲ್ಲಿ ಕೆನೆಬಣ್ಣದ ಟ್ರೇಲರ್ ಒಂದೇ ನಿಂತಿತ್ತು. ಮುಂದೆ ಕುರ್ಚಿ ಹಾಕಿಕೊಂಡು ಮೇವಿಸ್.

ವರ್ಲೀನ್ ಟ್ರಕ್ಕಿನ ಗಾಜು ಇಳಿಸಿದಳು. "ತಪ್ಪಾಯ್ತು ಕಣೇ."

"ಜಾಗ ಬೇಕಾದಷ್ಟಿದೆ" ಅಂದಳು ಮೇವಿಸ್, "ಆ ಬೇಲಿ ಹತ್ರ ಹಾಕ್ಕೋ."

ಬೇಲಿಯ ಮೂಲೆ ಇಕ್ಕಟ್ಟು, ಪಕ್ಕದಲ್ಲೇ ಚರಂಡಿ. ವರ್ಲೀನ್ ಹಿಂದಕ್ಕೆ ಬಿಡತೊಡಗಿದಳು. ಗಾಡಿ ಓರೆಯಾಯಿತು, ಮುಂದೆ ತಂದಳು, ಮತ್ತೆ ಓರೆಯಾಯಿತು. ಪ್ರತಿ ಸಲವೂ ಕನ್ನಡಿಯಲ್ಲಿ ಮೇವಿಸ್ ಕಾಣುತ್ತಿದ್ದಳು. ಕಾಫಿ ಲೋಟ ಹಿಡಿದು ಇವಳನ್ನೇ ನೋಡುತ್ತಿದ್ದಳು. ಕುರ್ಚಿಯಿಂದ ಏಳಲಿಲ್ಲ.