ಹುಳ ಹಣ್ಣಾದ ದಿನ, ಅವ್ವನ ನಾಮಪತ್ರ

ಓಟು ಕೇಳಲು ಬಂದವರನ್ನು ಯಾವ ಪಕ್ಷವೆಂದು ಕೇಳದೆ ಜಗಲಿಯಲ್ಲಿ ಕೂರಿಸಿ, ಮಾವಿನಹಣ್ಣು ಹೆಚ್ಚಿಕೊಟ್ಟು ಕಳಿಸುತ್ತಿದ್ದ ಕಾಲ ಅದು. ಮಾಗಡಿ ಹತ್ತಿರದ ಕಲ್ಯದಿಂದ ಒಂದಿಷ್ಟು ಒಳಕ್ಕೆ ಬಂದರೆ ನಮ್ಮೂರು. ಹಿತ್ತಿಲಲ್ಲಿ ನಿಂತರೆ ಸಾವನದುರ್ಗ ಕಾಣುತ್ತಿತ್ತು, ಮುಂಬಾಗಿಲಲ್ಲಿ ನಿಂತರೆ ನಮ್ಮ ಹಿಪ್ಪುನೇರಳೆ ತೋಟ. ಊರಿನಲ್ಲಿ ಮೊಬೈಲು ಇದ್ದವರು ಕೆಲವೇ ಮಂದಿ. ಅವರಲ್ಲಿ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪನೂ ಒಬ್ಬ. ಅದನ್ನು ಅಂಗಿಯ ಮೇಲ್ಜೇಬಿನಲ್ಲಿ ಊರಿಗೆಲ್ಲ ಕಾಣುವ ಹಾಗೆ ಇಟ್ಟುಕೊಂಡು ಓಡಾಡುತ್ತಿದ್ದ.

ಆ ಬೇಸಿಗೆ ನಮ್ಮವ್ವ ಎಮ್ಮೆಲ್ಲೆ ಚುನಾವಣೆಗೆ ನಿಂತಳು. ಈಗ ಹೇಳಿದರೆ ಜನ ನಗುತ್ತಾರೆ. ಆಗಲೂ ನಕ್ಕಿದ್ದರು.

ನಾನು ಏಳನೇ ಕ್ಲಾಸು ಮುಗಿಸಿದ್ದೆ. ಹೈಸ್ಕೂಲಿಗೆ ಹೋಗಲು ಬಸ್ಸಿರಲಿಲ್ಲ. ಗಂಡುಹುಡುಗರು ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು, ನನ್ನಂಥ ಹೆಣ್ಣುಮಕ್ಕಳು ಮನೆಯಲ್ಲಿ ಉಳಿದು ಸೊಪ್ಪು ಕೊಯ್ಯುತ್ತಿದ್ದರು. ಹೆಂಗಸರ ಸಂಘದ ಪರವಾಗಿ ಅವ್ವ ಒಂದು ಸಭೆಯಲ್ಲಿ ಎದ್ದು ನಿಂತು ಬಸ್ ಕೇಳಿದಳು. ವೇದಿಕೆಯ ಮೇಲಿದ್ದ ಮುಖಂಡನೊಬ್ಬ ಮೈಕಿನಲ್ಲೇ, “ನೀನೇ ನಿಂತು ಗೆದ್ದು ಬಸ್ ಬುಡಿಸ್ಕೊ ಹೋಗವ್ವ” ಎಂದ. ಸಭೆಯೆಲ್ಲ ಗೊಳ್ಳೆಂದಿತು. ಅವ್ವ ಮಾತ್ರ ಅದನ್ನು ತಮಾಷೆಯೆಂದುಕೊಳ್ಳಲಿಲ್ಲ. ಮಾಗಡಿಗೆ ಹೋಗಿ ನಾಮಪತ್ರ ಹಾಕಿ, ಬಂದವಳೇ ಸೀರೆ ಬದಲಿಸಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಲು ಕೂತಳು.

ದೊಡ್ಡಪ್ಪನಿಗೆ ಪೇಚಿಗಿಟ್ಟುಕೊಂಡಿತು. ಅವನು ಆ ಮುಖಂಡನ ಪಕ್ಷದವನು. ‘ನಮ್ಮನೆ ಹೆಣ್ಮಗಳು, ನಾನು ವಾಪಸ್ ತೆಗೆಸ್ತೀನಿ’ ಎಂದು ಎಲ್ಲರೆದುರು ಮಾತು ಕೊಟ್ಟು ಬಂದಿದ್ದ.

ನಾಮಪತ್ರ ವಾಪಸ್ ಪಡೆಯಲು ಕೊನೆಯ ದಿನ ಬಂತು. ಮಧ್ಯಾಹ್ನ ಮೂರರವರೆಗೆ ಗಡುವು. ಅವತ್ತು ಬೆಳಿಗ್ಗೆ ಹುಳದ ಮನೆಯಲ್ಲಿ ಸದ್ದೇ ಇರಲಿಲ್ಲ. ಹಗಲೂ ರಾತ್ರಿ ಕರಕರ ಸೊಪ್ಪು ತಿನ್ನುತ್ತಿದ್ದ ಹುಳಗಳು ಬಾಯಿ ಮುಚ್ಚಿ, ಮೈ ಹಳದಿಯಾಗಿ, ತಲೆಯೆತ್ತಿ ಆಡಿಸುತ್ತಿದ್ದವು. ಅಂದರೆ ಹುಳ ಹಣ್ಣಾಗಿತ್ತು. ಹಣ್ಣಾದ ಹುಳವನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ, ಅಂದರೆ ಸುತ್ತು ಸುತ್ತಾಗಿ ಹೆಣೆದ ಬಿದಿರಿನ ಚಾಪೆಗೆ, ಬಿಡಬೇಕು. ತಡಮಾಡಿದರೆ ಸೊಪ್ಪಿನಲ್ಲೇ ನೂಲು ಬಿಟ್ಟು ಬೆಳೆಯೇ ಹಾಳು. ಅಪ್ಪ, ಅವ್ವ, ಅಜ್ಜಿ, ನಾನು ನಾಲ್ವರೂ ಕೈಹಚ್ಚಿದ್ದರೂ ಸಾಲುತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲಿಗೆ ಜೀಪು ಬಂತು. ದೊಡ್ಡಪ್ಪನೂ ಊರಿನ ಇಬ್ಬರು ಹಿರಿಯರೂ ಇಳಿದರು.

“ಜಯಮ್ಮ, ಹೊರಡವ್ವ. ಒಂದು ಸೈನ್ ಹಾಕ್ಬುಟ್ಟು ಬಂದ್ಬುಡು” ಎಂದ ದೊಡ್ಡಪ್ಪ.

“ಕೂತ್ಕಳಿ ಬಾವ, ಮಜ್ಜಿಗೆ ಕುಡೀರಿ” ಎಂದಳು ಅವ್ವ.

“ನೀನು ವಾಪಸ್ ತಗೊಳ್ಳೋಗಂಟ ಈ ಮನೇಲಿ ನಾವು ನೀರೂ ಮುಟ್ಟಕಿಲ್ಲ.”

ನಮ್ಮ ಕಡೆ ಅದು ದೊಡ್ಡ ಮಾತು. ಮನೆಯ ಹಿರಿಯ ಹಾಗಂದ ಮೇಲೆ ಎದುರು ನಿಲ್ಲುವುದು ಕಷ್ಟ. ಅವ್ವನ ಮುಖ ಬಾಡಿತು. ನನ್ನ ಹೈಸ್ಕೂಲು ಅಲ್ಲಿಗೆ ಮುಗಿಯಿತು ಎಂದು ನನಗೆ ಅಳು ಉಕ್ಕಿ ಬಂತು.

ಅವ್ವ ಹುಳದ ಮನೆಯ ಕಡೆ ಕೈ ತೋರಿಸಿ, “ಹುಳ ಹಣ್ಣಾಗೈತೆ ಬಾವ. ಇದನ್ ಬುಟ್ಟು ಹೆಂಗ್ ಬರ್ಲಿ, ನೀವೇ ಹೇಳಿ” ಎಂದಳು.

ದೊಡ್ಡಪ್ಪ ಹುಳದ ಮನೆಯೊಳಕ್ಕೆ ಇಣುಕಿದ. ಹುಳ ಆಯುವುದರಲ್ಲಿ ಊರಿಗೇ ಅವನ ಕೈ ಮುಂದು. “ಅಯ್ಯಯ್ಯೋ, ಸೊಪ್ಪಿನ್ ಮ್ಯಾಲೇ ನೂಲು ಬುಡ್ತಾ ಅವಲ್ಲವ್ವ! ಮದ್ಲೇ ಹೇಳ್ಕಳಿಸ್ಬಾರ್ದಾ?” ಎಂದು ಒಳನುಗ್ಗಲು ಹೋದ. ಅಜ್ಜಿ ಬಾಗಿಲಿಗೆ ಕೈ ಅಡ್ಡ ಇಟ್ಟಳು.

“ಹೊಗೆಸೊಪ್ಪಿನ ವಾಸ್ನೆ ಒಳಕ್ ತರ್ಬ್ಯಾಡ ಕಣ್ಲಾ ನಂಜಪ್ಪ, ಹುಳ ಸಾಯ್ತವೆ. ಅಂಗಿ ಬಿಚ್ಚು. ಕೈ ತೊಳ್ಕೊ.”

ಊರಿಗೆ ದೊಡ್ಡವನಾದರೂ ಅಜ್ಜಿಗೆ ಮಗನೇ ತಾನೆ. ಹೊಗೆಸೊಪ್ಪಿನ ಚೀಲ, ಮೊಬೈಲು ಸಮೇತ ಅಂಗಿ ಜಗಲಿಯ ಮೇಲೆ ಬಿತ್ತು. ಮೂವರೂ ಬ್ಲೀಚಿಂಗ್ ಪೌಡರಿನ ನೀರಲ್ಲಿ ಕೈಕಾಲು ತೊಳೆದು ಒಳಬಂದರು. “ಒಸಿ ಹೊತ್ತು ಆಯ್ದುಬುಟ್ಟು ಹೋಗಾನ” ಎಂದ ದೊಡ್ಡಪ್ಪ ಅಪ್ಪನ ಪಕ್ಕ ಕೂತ.

ಕೂತ ಮೇಲೆ ರೇಷ್ಮೆಯವರ ಕೈ ನಿಲ್ಲುವುದುಂಟೆ? ಒಣಗಿದ ಸೊಪ್ಪಿನ ವಾಸನೆ, ಬ್ಲೀಚಿಂಗಿನ ಘಾಟು, ಸೆಕೆ. ಬಾಯಲ್ಲಿ ಚುನಾವಣೆಯ ಜಗಳ ನಡೆದೇ ಇತ್ತು, ಬೆರಳುಗಳು ಹುಳ ಆಯುತ್ತಲೇ ಇದ್ದವು. “ಹೆಂಗಸರು ವಿಧಾನಸೌಧಕ್ಕೋಗಿ ಏನ್ ಮಾಡೀರಿ?” ಎಂದರು ಒಬ್ಬ ಹಿರಿಯರು. “ನೀವು ಕಳಿಸ್ದೋರು ಏನ್ ಮಾಡವ್ರೋ ಅದ್ನೇ ಮಾಡ್ತೀನಿ, ಜತೆಗೊಂದು ಬಸ್ ಬುಡಿಸ್ತೀನಿ” ಎಂದಳು ಅವ್ವ. ಆ ಹಿರಿಯರೇ ನಕ್ಕುಬಿಟ್ಟರು. ನಾನು ತುಂಬಿದ ಚಂದ್ರಿಕೆಗಳನ್ನು ಹೊರಗೆ ಚಪ್ಪರದ ನೆರಳಿಗೆ ಒರಗಿಸುತ್ತಿದ್ದೆ. ಜಗಲಿಯ ಮೇಲೆ ಮೊಬೈಲು ಬಡಿದುಕೊಳ್ಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬಡಿದುಕೊಳ್ಳುತ್ತಿತ್ತು. ಹೇಳಿದರೆ ದೊಡ್ಡಪ್ಪ ತಲೆಯೆತ್ತದೆ, “ಬಡ್ಕಳ್ಳಿ ಬುಡು ಮಗ, ಕೈನಾಗೆ ಹುಳ ಐತೆ” ಎಂದ.

ಕೊನೆಯ ತಟ್ಟೆ ಖಾಲಿಯಾದಾಗ ಅವನು ಸೊಂಟ ನೆಟ್ಟಗೆ ಮಾಡಿಕೊಂಡು ಹೊರಬಂದು ಮೊಬೈಲು ನೋಡಿದ. ಮೂರು ಗಂಟೆ ಯಾವಾಗಲೋ ದಾಟಿತ್ತು. ಅವ್ವ ಮುದ್ದೆ, ಉಪ್ಸಾರು, ಒಂದು ಚೊಂಬು ನೀರು ತಂದು ಮುಂದಿಟ್ಟಳು.

“ನೀರು ಮುಟ್ತೀರೋ ಇಲ್ವೋ ಬಾವ?”

ದೊಡ್ಡಪ್ಪ ಚಪ್ಪರದ ಕಡೆ ನೋಡಿದ. ಹುಳಗಳು ಆಗಲೇ ಬಿದಿರಿಗೆ ನೂಲು ಕಟ್ಟಲು ಶುರುಮಾಡಿದ್ದವು. ಚೊಂಬು ಎತ್ತಿ ಗಟಗಟ ಕುಡಿದ. “ಇಕ್ಕವ್ವ, ಹೊಟ್ಟೆ ಹಸೀತೈತೆ. ನಿಂತ್ಕೊ ಹೋಗು. ಆದ್ರೆ ನನ್ ಓಟು ನಿಂಗಲ್ಲ, ಈಗ್ಲೇ ಹೇಳ್ಬುಟ್ಟಿವ್ನಿ.”

“ಗೊತ್ತು ಬಾವ, ಉಣ್ಣಿ” ಎಂದು ಅವ್ವ ಇನ್ನೊಂದು ಸೌಟು ಸಾರು ಬಿಟ್ಟಳು. ಬೇಕೆಂದೇ ಮಾಡಿದೆಯಾ ಎಂದು ನಾನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. “ಹುಳ ಹಣ್ಣಾಗಿದ್ದು ನಿಜ ತಾನೆ?” ಎನ್ನುತ್ತಾಳೆ, ಅಷ್ಟೇ.

ಅವ್ವನಿಗೆ ಬಕೆಟ್ ಗುರುತು ಬಂತು. ನಾವು ಮಕ್ಕಳು ಬಕೆಟ್ ಬಡಿಯುತ್ತಾ ಊರೂರು ಸುತ್ತಿದೆವು. ಹೋದಲ್ಲೆಲ್ಲ ಹಲಸಿನ ತೊಳೆ, ಮಂಡಕ್ಕಿ, ಪಾನಕ. ಅಷ್ಟು ಸಂಭ್ರಮದ ಬೇಸಿಗೆ ನನಗೆ ಮತ್ತೆ ಸಿಗಲಿಲ್ಲ. ಅವ್ವ ಸೋತಳು, ಚೆನ್ನಾಗಿಯೇ ಸೋತಳು. ಆದರೆ ಬಕೆಟ್ಟಿಗೆ ಬಿದ್ದಷ್ಟು ಓಟು ಗೆದ್ದವರ ಕಣ್ಣಿಗೂ ಬಿದ್ದಿರಬೇಕು, ಮಳೆಗಾಲದ ಹೊತ್ತಿಗೆ ಊರಿಗೆ ಬಸ್ ಬಂತು. ನಾನು ಹೈಸ್ಕೂಲು ಓದಿದೆ.

ಈಗಲೂ ನಮ್ಮ ಬೀದಿಯಲ್ಲಿ ಚುನಾವಣೆ ನಡೆಯುತ್ತದೆ. ಬಂದ ಎಲ್ಲ ಪಕ್ಷದವರಿಗೂ ‘ನಮ್ಮ ಓಟು ನಿಮಗೇ’ ಎಂದು ಕೈಮುಗಿದು ಕಳಿಸುತ್ತೇವೆ. ಒಬ್ಬರ ಮನೆಯಲ್ಲಿ ಹುಳ ಹಣ್ಣಾದರೆ ಇನ್ನೊಂದು ಪಕ್ಷದವರು ಆ ಕಡೆ ತಿರುಗಿ ನೋಡುವುದಿಲ್ಲ, ಕೂಲಿಯವರು ಆಟೋದಲ್ಲಿ ಬಂದು ಆಯ್ದು ಹೋಗುತ್ತಾರೆ. ಬೇಡ ಎನ್ನಲು ಮನೆಗೆ ಬಂದು, ಕೆಲಸ ಮಾಡಿಕೊಟ್ಟು, ಉಂಡು ಹೋಗುವ ಜನ ಇಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ದೊಡ್ಡಪ್ಪ ತೀರಿಕೊಂಡ ದಿನ ಎಲ್ಲರಿಗಿಂತ ಹೆಚ್ಚು ಅತ್ತವಳು ಅವ್ವ. ಮಣ್ಣು ಮುಗಿಸಿ ಬಂದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನನಗೆ ಹೇಳಿದಳು:

“ಓಟ್ ಹಾಕಕಿಲ್ಲ ಅಂತ ಮಕಕ್ಕೆ ಹೇಳಿದ್ದು ಅವ್ರೊಬ್ರೇ ಕಣವ್ವ. ಮಿಕ್ಕೋರೆಲ್ಲ ಹಾಕ್ತೀವಿ ಅಂದಿದ್ರು.”