ಹೋರಿಯನ್ನು ಯಾರೂ ಕೇಳಲಿಲ್ಲ

ಆ ದಿನ ಅಪ್ಪ ನೀಲಿ ಅಂಗಿ ತೊಟ್ಟಿದ್ದರು ಎಂದು ಬರೆಯಲು ಹೊರಟು ನಿಲ್ಲಿಸಿದ್ದೇನೆ. ಅಂಗಿಯ ಬಣ್ಣ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ತೊಂಬತ್ತರ ದಶಕದ ಕೊನೆ. ಅಪ್ಪನ ಪ್ರಾಸ್ಟೇಟ್ ಗ್ರಂಥಿ ತೆಗೆದು ಎರಡು ವರ್ಷವಾಗಿತ್ತು. ಕ್ಯಾನ್ಸರ್ ಮರಳಿದೆ ಎಂದು ರಕ್ತಪರೀಕ್ಷೆ ಹೇಳಿತ್ತು. ಬೆಂಗಳೂರಿನ ಡಾಕ್ಟರು ನನ್ನೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದರು. ಪಕ್ಕದಲ್ಲಿ ಕೂತಿದ್ದ ಅಪ್ಪನಿಗೆ ನಾನು ಕನ್ನಡದಲ್ಲಿ ಹೇಳಿದೆ.

"ಎರಡು ದಾರಿ ಇದೆಯಂತಪ್ಪ. ಮೂರು ತಿಂಗಳಿಗೊಂದು ಇಂಜೆಕ್ಷನ್, ಇಲ್ಲಾಂದ್ರೆ ಒಂದು ಸಣ್ಣ ಆಪರೇಷನ್. ಆಪರೇಷನ್ ಆದ್ರೆ ಮತ್ತೆ ಮತ್ತೆ ಅಲೆಯೋದು ತಪ್ಪುತ್ತೆ."

"ಹಂಗಾರೆ ಆಪರೇಷನ್ನೇ ಮಾಡಿಸ್ಬುಡಾಣ," ಎಂದರು ಅಪ್ಪ. ಮುಂದಿನ ವಾರಕ್ಕೆ ದಿನ ಗೊತ್ತಾಯಿತು.

ಊರಿಗೆ ಮರಳುವಾಗ ಕಿಬ್ಬನಹಳ್ಳಿಯಲ್ಲಿ ಇಳಿದು, ಹಂದನಕೆರೆ ಕಡೆಯ ಬಸ್ಸಿಗೆ ಕಾಯುತ್ತ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು.

"ಏನ್ ತೆಗೀತಾರಂತ್ಲಾ?"

"ಗ್ರಂಥಿ."

"ಅದನ್ನ ಆವತ್ತೇ ತೆಗೆದ್ರಲ್ಲ. ಇನ್ನೆಲ್ಲಿತ್ತು?"

ನಾನೀಗ ಹೇಳಬೇಕಿದ್ದದ್ದು, ಹೋರಿಯ ವಿಷಯ ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಸಲೀಸಾಗಿ ಆಡುವ ಪದ. ಅಪ್ಪನ ಎದುರು, ಅಪ್ಪನದೇ ಮೈ ಕುರಿತು, ಬಾಯಿಗೆ ಬರಲಿಲ್ಲ. ಕೊನೆಗೆ ಹೇಳಿದೆ.

"ಬೀಜ."

ಅಪ್ಪ ಟೀ ಮುಗಿಸಿದರು. "ಹೋರಿಗೆ ಮಾಡ್ಸೋದು ಅನ್ನು."

"ಹಂಗಲ್ಲಪ್ಪ. ಅಲ್ಲಿಂದ ಬರೋ ರಸದಿಂದ್ಲೇ ಕಾಯಿಲೆ ಬೆಳೆಯೋದಂತೆ. ಇಂಜೆಕ್ಷನ್ನೂ ಅದನ್ನೇ ತಡೆಯೋದು."

"ಬೀಜ ಒಡೆಯೋವಾಗ ಎಷ್ಟು ಹೋರಿಗೆ ಹಗ್ಗ ಹಿಡಿದಿದೀನಿ. ಒಂದನ್ನೂ ಕೇಳ್ಲಿಲ್ಲ ಕಣಪ್ಪ. ಆ ಡಾಕ್ಟ್ರು ಪಾಪ ಕೇಳವ್ರೆ. ಈಗ ಹಗ್ಗ ಹಿಡ್ಕಂಡಿರೋನು ನೀನು."

ಇಲ್ಲಿ ಅಪ್ಪ ತೆಂಗಿನಕಾಯೊಂದನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟು ಸದ್ದು ಮಾಡುವವರೆಗೂ ಕಾಯಿ ಸುಲಿಯಬಾರದು ಎಂದರೆಂದು, ಇದೇ ಪ್ರಸಂಗವನ್ನು ಹಿಂದೊಮ್ಮೆ ಬರೆದಾಗ ಸೇರಿಸಿದ್ದೆ. ಓದಿದವರು ಮೆಚ್ಚಿಕೊಂಡರು. ಆ ಬೆಂಚಿನ ಹತ್ತಿರ ಕಾಯಿಯೇ ಇರಲಿಲ್ಲ. ಅಪ್ಪ ಹೇಳಿದ್ದು ಬೇರೆ:

"ನಾಳೀಕೆ ವಾಪಸ್ ಹೋಗಾಣ. ಈ ಸಲ ನೀನು ಆಚೆ ಕೂತ್ಕೋ."

ಮಾರನೆಯ ದಿನ ಆಚೆ ಕೂತೆ. ಡಾಕ್ಟರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಹಿಂದಿನ ದಿನ ನಾನು ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ, ಅವರೂ ಹಾಗೇ ಮುಂದುವರಿಸಿದ್ದರು, ಅಷ್ಟೆ. ಒಳಗೆ ಏನು ಮಾತಾಯಿತೋ ತಿಳಿಯದು. ಒಮ್ಮೆ ಅಪ್ಪ ನಕ್ಕದ್ದು ಬಾಗಿಲಾಚೆಗೆ ಕೇಳಿಸಿತು. ಅಪ್ಪನೇ ಇರಬೇಕು.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದರು: "ಇಂಜೆಕ್ಷನ್ನೇ ಆಗ್ಲಿ ಬುಡು. ಒಗ್ಗದಿದ್ರೆ ನಿಲ್ಲಿಸ್ಬೌದಂತೆ. ಕುಯ್ದಿದ್ದನ್ನ ವಾಪಸ್ ಇಕ್ಕಕ್ಕಾಗಲ್ವಲ್ಲ."

ನಿಲ್ಲಿಸಬಹುದು ಎಂಬ ಮಾತನ್ನು ಡಾಕ್ಟರು ಮೊದಲ ದಿನ ನನಗೂ ಹೇಳಿದ್ದರು. ನಾನು ಅದನ್ನು ಅಪ್ಪನಿಗೆ ದಾಟಿಸಿರಲಿಲ್ಲ. ಮರೆತಿದ್ದೆ ಎಂದುಕೊಂಡಿದ್ದೇನೆ.