ಕುಂತಿಯ ಗಂಟಲು

ಫೋನಿನಲ್ಲಿ 'ಹಲೋ' ಅಂದರೆ ಸಾಕು, 'ಮೇಡಂಗೆ ಕೊಡಿ ಸಾ' ಎನ್ನುತ್ತಾರೆ. ಆ ಮೇಡಂ ನಾನೇ! ಮೊನ್ನೆ ಮೊನ್ನೆಯವರೆಗೂ ತಕ್ಷಣ ದನಿ ಸಣ್ಣ ಮಾಡಿಕೊಂಡು ಮಾತಾಡುತ್ತಿದ್ದೆ. ಮನೆ ನಂಜನಗೂಡಿನಲ್ಲಿ. ಸುತ್ತಲ ಹಳ್ಳಿಯ ಗಂಡಸರು ಪೌರಾಣಿಕ ನಾಟಕ ಆಡುವಾಗ ಹೆಣ್ಣು ಪಾತ್ರಕ್ಕೆ ನನ್ನನ್ನು ಕರೆಸುತ್ತಾರೆ. ಹೆಂಗಸು ಗಂಡಸಿಗಿಂತ ಒಂದು ಸ್ಥಾಯಿ ಮೇಲೆ ಹಾಡಬೇಕೆಂಬುದು ಹಾರ್ಮೋನಿಯಂ ಮೇಷ್ಟ್ರುಗಳ ಕಟ್ಟಳೆ. ಇಪ್ಪತ್ತು ವರ್ಷ ಹಾಗೇ ಕಿರುಚಿದೆ. ಕೊನೆಗೆ ಡಾಕ್ಟರು, ಹೀಗೇ ಮಾಡಿದರೆ ಇರುವ ದನಿಯೂ ಹೋಗುತ್ತದೆ ಎಂದರು.

ಅದೇ ವಾರ ಮೊಬೈಲಿನಲ್ಲಿ ವಿಡಿಯೋ ನೋಡುವಾಗ ಜರ್ಮನಿಯ ಒಬ್ಬ ಗಾಯಕಿ ಸಿಕ್ಕಳು. ಅಲ್ಲಿಯವರದು ಒಪೆರಾ, ಪೂರಾ ಹಾಡಿನಲ್ಲೇ ನಡೆಯುವ ನಾಟಕ. ಅವಳದು ಹೆಂಗಸರ ದನಿಗಳಲ್ಲೇ ತಗ್ಗಿನದು. ಒಂದು ಸಲವೂ ನಾಯಕಿಯಾಗಲಿಲ್ಲವಂತೆ. ತಾಯಿ, ಮಾಟಗಾತಿ, ಭೂದೇವಿ, ಇವೇ ಪಾತ್ರ. ಆದರೂ ತಲೆ ನರೆಯುವ ತನಕ ಹಾಡಿದಳು, ತನ್ನ ದನಿಯಲ್ಲೇ. ನನಗೆ ಹೊಟ್ಟೆ ಉರಿದುಹೋಯಿತು.

ಬನ್ನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮಧ್ಯಾಹ್ನ ಕೊನೆಯ ಪ್ರಾಕ್ಟೀಸು. ಕುಂತಿ ಕರ್ಣನ ಎದುರು ನಿಂತು, ನಾನೇ ನಿನ್ನ ತಾಯಿ ಎನ್ನುವ ದೃಶ್ಯ. ಕರ್ಣನ ಸ್ಥಾಯಿಯಲ್ಲೇ ಪದ ಎತ್ತಿದೆ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು.

"ಏನಮ್ಮೋ, ಕುಂತಿಗೆ ಮೀಸೆ ಬಂತಾ?"

ಎಲ್ಲರೂ ನಕ್ಕರು. ನನಗೆ ರೇಗಿತು.

"ಬೆಳೆದ ಮಕ್ಕಳಿರೋ ಹೆಂಗಸು ಕಣ್ರೀ ಅವಳು! ನೀರಿಗೆ ಬಿಟ್ಟ ಮಗನ ಮುಂದೆ ಗಿಣಿ ಹಂಗೆ ಕಿರುಚ್ತಾಳಾ? ಬಾರಿಸಿ ನೀವು!"

ಮತ್ತೆ ಹಾಡಿದೆ. ಎದೆಯಿಂದ ಬಂತು, ಎಲ್ಲೂ ಒಡೆಯಲಿಲ್ಲ. ಕರ್ಣನ ಪಾತ್ರದವನು ಊರಿನ ಹಾಲಿನ ಡೈರಿ ಸೆಕ್ರೆಟರಿ, ಎಂದೂ ಪದ ತಪ್ಪದವನು. ಅವತ್ತು ತನ್ನ ಪದ ಎತ್ತಲೇ ಇಲ್ಲ.

"ಇಂಗೇ ಇರ್ಲಿ ಬುಡಿ ಮೇಷ್ಟ್ರೇ" ಎಂದ, ನೆಲ ನೋಡುತ್ತಾ. "ಓದ್ಸಲ ಇವ್ರ್‌ನ ಅವ್ವ ಅನ್ನೋಕೆ ನಂಗೆ ಬಾಯೇ ಬರ್ನಿಲ್ಲ."

"ಈ ಸಲಕ್ಕೆ ಮಾತ್ರ" ಎಂದರು ಮೇಷ್ಟ್ರು.

ನಿನ್ನೆ ಕಳಲೆ ಕಡೆಯಿಂದ ಫೋನ್. "ಮೇಡಂಗೆ ಕೊಡಿ ಸಾ."

ದನಿ ಸಣ್ಣ ಮಾಡಲಿಲ್ಲ. "ನಾನೇ ಕಣಪ್ಪ. ಇದೇ ಗಂಟಲಲ್ಲಿ ಹಾಡ್ತೀನಿ. ಬೇಕಾ?"

ನಮ್ಮ ಮೇಷ್ಟ್ರನ್ನು ಕೇಳಿ ಹೇಳ್ತೀವಿ ಎಂದರು. ಬೆಳಿಗ್ಗೆಯಿಂದ ಫೋನ್ ಕೈಯಲ್ಲೇ ಇದೆ. ಒಲೆಯ ಮೇಲೆ ಹಾಲು ಎರಡು ಸಲ ಉಕ್ಕಿತು.